ಕೊಪ್ ಕಂಡ ಮೂರನೆಯ ದೋಣಿ

"ಅಮ್ಮಾ, ನನ್ನ ಕೈಗೆ ಒಂದು ಮೈಕು ಬರೋ ಹಾಗೆ ಮಾಡು. ಬಂದ್ರೆ ನಿನ್ನದೊಂದು ಓಟ ನಾನೇ ಹೇಳ್ತೀನಿ. ಶುರುವಿನಿಂದ ಬಾವುಟ ಕೀಳೋವರೆಗೆ, ಇಡೀ ಊರು ಕೇಳೋ ಹಾಗೆ."

ಥಾ ಸಾಯ್ ಊರಿನ ವಿಹಾರದ ಹಿಂದೆ, ತಗಡಿನ ಚಪ್ಪರದಲ್ಲಿ ಸೀಳು ಬಿಟ್ಟು ಮಲಗಿದ್ದ ಸೈಫೊನ್ ಎಂಬ ಓಟದ ದೋಣಿಯ ಮುಂದೆ ಮಂಡಿಯೂರಿ, ಚಮ್ನಾನ್ ಎಂಬ ತರುಣ ಹೀಗೆ ಹರಕೆ ಹೊತ್ತು ಎಷ್ಟೋ ಕಾಲವಾಯಿತು. ಆಗ ಅವನು ಹೊಳೆಯ ದಂಡೆಯಲ್ಲಿ ಸುಟ್ಟ ಮೀನು ಮಾರುತ್ತಿದ್ದ. ಊರಿನ ಉಳಿದವರು, ದೋಣಿಯ ಮರದಲ್ಲಿ ನೆಲೆಸಿದ ದೋಣಿಯಮ್ಮನಿಗೆ ಬೇಯಿಸಿದ ಮೊಟ್ಟೆ, ಹಂದಿಯ ತಲೆ, ನೃತ್ಯದ ಮೇಳ ಎಂದು ಏನಾದರೊಂದನ್ನು ಹೆಸರು ಹಿಡಿದು ಹೇಳಿಕೊಳ್ಳುತ್ತಿದ್ದರು. ಚಮ್ನಾನನಿಗೆ ಮೊಟ್ಟೆಗೂ ಗತಿಯಿರಲಿಲ್ಲ. ಇದ್ದದ್ದು ಬಾಯಿ ಒಂದೇ. ಅದನ್ನೇ ಒಪ್ಪಿಸಿ ಎದ್ದ.

ಸೈಫೊನ್ ಮತ್ತೆ ನೀರಿಗಿಳಿಯುವ ದೋಣಿಯಲ್ಲ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಹಿಂದಿನ ವರ್ಷ ಸೇತುವೆಯ ಕಂಬಕ್ಕೆ ಬಡಿದು ಅದರ ಬೆನ್ನು ಮುರಿದಿತ್ತು. ಓಡದ ದೋಣಿಯ ಓಟವನ್ನು ಹೇಳುತ್ತೇನೆಂದು ಮಾತು ಕೊಟ್ಟರೆ ಅದನ್ನು ತೀರಿಸುವ ದಿನವೇ ಬರುವುದಿಲ್ಲವಲ್ಲ ಎಂದು ಅವನ ಮನಸ್ಸಿನ ಯಾವ ಮೂಲೆಯಾದರೂ ಲೆಕ್ಕ ಹಾಕಿತ್ತೋ ಏನೋ, ನಾವು ಹೇಳಲಾರೆವು. ಹಾಕಿದ್ದರೆ, ಅಷ್ಟು ದೊಡ್ಡ ಮರದೊಳಗೆ ಕೂತವಳ ಹತ್ತಿರ ಅಷ್ಟು ಸಣ್ಣ ಜಾಣತನ ತೋರಿಸಬಾರದಿತ್ತು.

ಮೈಕು ಬಂತು. ಆ ವರ್ಷದ ದೋಣಿ ಓಟದ ಹಬ್ಬದಲ್ಲೇ ರೇಡಿಯೊದವನ ಗಂಟಲು ಕಟ್ಟಿ, ದಂಡೆಯ ಮೇಲೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಮೀನಿನವನ ಕೈಗೆ ಯಾರೋ ಅದನ್ನು ತುರುಕಿದರು. ಚಮ್ನಾನ್ ಆ ದಿನ ಮೀನನ್ನು ಒಲೆಯ ಮೇಲೇ ಮರೆತ, ಹರಕೆಯನ್ನೂ ಮರೆತ.

ಆಮೇಲೆ ಅವನನ್ನು ಚಮ್ನಾನ್ ಎಂದವರಿಲ್ಲ. ಕೂಸಾಗಿದ್ದಾಗ ಮನೆಯವರು ಕರೆಯುತ್ತಿದ್ದ 'ಕೊಪ್', ಅಂದರೆ ಕಪ್ಪೆ, ಎಂಬ ಹೆಸರೇ ನಾಲ್ಕು ಜಿಲ್ಲೆಗೆ ಹಬ್ಬಿತು. ರೇಡಿಯೊದಲ್ಲಿ ದೋಣಿಗಳು ಕೊಪ್ ಹೇಳಿದಷ್ಟು ಓಡುತ್ತವೆ. ಅವನ ಬಾಯಲ್ಲಿ ಯಾವ ದೋಣಿಯೂ ಇನ್ನೊಂದಕ್ಕಿಂತ ಅಂಗೈಯಗಲಕ್ಕಿಂತ ಹೆಚ್ಚು ಮುಂದೆ ಹೋದದ್ದಿಲ್ಲ. ಒಮ್ಮೆ ಒಂದು ದೋಣಿ ನಡುಹೊಳೆಯಲ್ಲಿ ಮಗುಚಿ, ಇನ್ನೊಂದರವರು ಗೆದ್ದು ದಂಡೆಗೆ ಬಂದು ಅನ್ನಕ್ಕೆ ಕೂತಿದ್ದರೂ, ಕೊಪ್‌ನ ಬಾಯಲ್ಲಿ ಓಟ ಇನ್ನೂ ನಡೆದೇ ಇತ್ತು. ಮನೆಗಳಲ್ಲಿ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಕಣ್ಣಾರೆ ಕಂಡವರು ಕೂಡ ಸಂಜೆ ಮನೆಗೆ ಹೋಗಿ ರೇಡಿಯೊದ್ದೇ ನಿಜವಾದ ಓಟ ಎನ್ನುತ್ತಿದ್ದರು.

ಈ ವರ್ಷ ಎರಡು ಸುದ್ದಿ ಒಟ್ಟಿಗೇ ಬಂದವು. ಮುಂದಿನ ವರ್ಷದಿಂದ ರೇಡಿಯೊದಲ್ಲಿ ದೋಣಿ ಓಟ ಇರುವುದಿಲ್ಲ. ಬ್ಯಾಂಕಾಕಿನ ಟೀವಿಯವರು ಥಾ ಸಾಯ್‌ನ ಈ ಸಲದ ಕೊನೆಯ ಓಟವನ್ನು ನೇರವಾಗಿ ತೋರಿಸುತ್ತಾರೆ. ಕಾಮೆಂಟ್ರಿಗೆ ಕೊಪ್ ಬೇಕು. ಚೆನ್ನಾಗಿ ಆದರೆ ದೇಶದ ಎಲ್ಲ ಹೊಳೆಗಳ ಓಟವೂ ಅವನದೇ. ಆಗದಿದ್ದರೆ ಏನು ಎಂದು ಅವರು ಹೇಳಲಿಲ್ಲ. ಕೊಪ್‌ಗೆ ಹೇಳಬೇಕಾಗಿಯೂ ಇರಲಿಲ್ಲ. ಬಾಯಿ ಬಿಟ್ಟರೆ ಅವನಿಗೆ ಬೇರೆ ಕಸುಬಿಲ್ಲ.

ಅವನು ಕೋಟು ಹೊಲಿಸಿದ. ಹೆಂಚು ಕಾಯುವ ಬಿಸಿಲಲ್ಲಿ ಅದನ್ನು ತೊಟ್ಟುಕೊಂಡು ಮಾರುಕಟ್ಟೆಯಲ್ಲಿ ನಡೆದಾಡಿ ರೂಢಿ ಮಾಡಿಕೊಂಡ. ಯಾರಾದರೂ ಸತ್ತರೇ ಎಂದು ನಾಲ್ಕು ಜನ ಕೇಳಿದರು. ಟೀವಿಯ ನಿರ್ಮಾಪಕಿ ಕನ್ನಿಕಾ, ಕೊಪ್‌ನ ಮಗಳ ವಯಸ್ಸಿನವಳು, ಬಂದು ಕೈಮುಗಿದು ಒಂದೇ ಒಂದು ಪಾಠ ಹೇಳಿ ಹೋದಳು.

"ಸರ್, ರೇಡಿಯೊ ಬೇರೆ, ಟೀವಿ ಬೇರೆ. ಇಲ್ಲಿ ಕಾಣೋದನ್ನ ಮಾತ್ರ ಹೇಳಬೇಕು."

ಅದರಲ್ಲೇನು ಕಷ್ಟ ಎಂದ ಕೊಪ್.

ಹಬ್ಬದ ಮೊದಲ ಸುತ್ತುಗಳು ಇನ್ನೂ ರೇಡಿಯೊದವೇ. ಥಾ ಸಾಯ್‌ನಲ್ಲಿ ಎರಡೆರಡೇ ದೋಣಿ ಓಡುವುದು. ಹೊಳೆಯ ಆ ತುದಿಯಲ್ಲಿ ಕೋಲಿಗೆ ಕಟ್ಟಿದ ಒಂದೇ ಬಾವುಟ. ದೋಣಿ ಹಾರುತ್ತಿರುವಾಗಲೇ, ಮೂತಿಯಲ್ಲಿ ಕೂರುವ ಮುಂದಾಳು ಅಲ್ಲಿನ ಎತ್ತರದ ಕೊಂಬನ್ನು ಹತ್ತಿ, ಮೈ ಚಾಚಿ ಆ ಬಾವುಟ ಕೀಳಬೇಕು. ಯಾರ ಕೈಗೆ ಬಾವುಟವೋ ಅವರು ಗೆದ್ದ ಹಾಗೆ. ಮೂತಿ ಎಷ್ಟು ಮುಂದಿತ್ತು, ಗಡಿಯಾರ ಏನು ಹೇಳಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಮೊದಲ ದಿನದ ಓಟ ಮುಗಿಸಿ, ಬಾಯಿ ಒಣಗಿಸಿಕೊಂಡು, ಕೊಪ್ ಮನೆಗೆ ಬಂದ. ಹೆಂಡತಿ ರಂಪೈ ಬಾಗಿಲಲ್ಲೇ ಅವನನ್ನು ನೋಡಿ ಒಳಗೆ ಸರಿದಳು. ಅತ್ತೆ ಬುವಾ ರೇಡಿಯೊದ ಮುಂದೆ ಕೂತಿದ್ದರು. ಅವರ ಬಾಯಲ್ಲಿ ಎಲೆಯಡಿಕೆ ಇತ್ತು. ಆದರೆ ಅವರು ಅಗಿಯುತ್ತಿರಲಿಲ್ಲ. ಅಂಥದ್ದನ್ನು ಆ ಮನೆ ಕಂಡೇ ಇರಲಿಲ್ಲ.

"ಬಾವುಟ ಕಿತ್ತೋನು ಯಾರು ಅಂದೆ?"

"ಸಿಂಗ್ ಥೊಂಗ್ ದೋಣಿಯವನು, ಅತ್ತೆ."

"ಅಲ್ಲ. ಮೂರನೇ ಸಾಲಿನಲ್ಲಿ ಸೈಫೊನ್ ಬಂತು ಅಂದೆ. ಚುಮ್ ಕೊಂಬು ಹತ್ತಿದ, ಎದೆ ಚಾಚಿದ, ಕೈ ನೀಡಿದ ಅಂದೆ. ಇಡೀ ಬೀದಿ ಕೇಳಿದೆ."

ಚುಮ್ ಎಂದರೆ ಬುವಾ ಅವರ ಗಂಡ, ಕೊಪ್‌ನ ಮಾವ. ಸೈಫೊನ್ ದೋಣಿಯ ಮುಂದಾಳಾಗಿದ್ದವರು. ಅವರನ್ನು ಸುಟ್ಟ ಚಿತಾಗಾರದ ಚಿಮಣಿ ಹಿತ್ತಲಿನಿಂದಲೇ ಕಾಣುತ್ತದೆ.

"ಸತ್ತೋನಿಗೆ ಒಂದು ಸಲ ಮನೆ ಕಡೆ ಬಂದು ಹೋಗೋಕೆ ಪುರುಸೊತ್ತಿಲ್ಲ," ಎಂದರು ಬುವಾ. "ಬದುಕಿದ್ದಾಗ ಮಂಡಿ ನೋವು ಅಂತ ಒಂದು ಕೊಡ ನೀರು ತರಲಿಲ್ಲ. ಈಗ ಕೊಂಬು ಹತ್ತುತ್ತಾನಂತೆ, ಕೊಂಬು."

ಕೊಪ್ ನಕ್ಕ. ಹಳೆಯ ಹೆಸರು, ಬಾಯಿ ತಪ್ಪಿ ಬಂದಿರಬೇಕು ಎಂದ. ನಾಳೆ ನೋಡಿ ಎಂದ.

ನಾಳೆ ಎಲ್ಲರೂ ನೋಡಿದರು, ಅಂದರೆ ಕೇಳಿದರು. ಪಕ್ಕದಲ್ಲಿ ಕೂತು ಧ್ವನಿ ಮುದ್ರಿಸುವ ಸುರಿನ್‌ಗೆ ಕೊಪ್, ನಾನು ಸೈಫೊನ್ ಎಂದ ಕೂಡಲೇ ತೊಡೆ ಚಿವುಟು ಎಂದು ಹೇಳಿ ಕೂತ. ಮೊದಲ ಸಾಲಿನ ದೋಣಿಯ ಹೆಸರು ಹೇಳಿದ. ಎರಡನೆಯದರ ಹೆಸರು ಹೇಳಿದ. ಒಂದು ಉಸಿರು ಬಿಟ್ಟು, ತಾನು ಹೇಳಿದ್ದು ತನಗೇ ತಿಳಿಯದ ಹಾಗೆ ಮೂರನೆಯದಕ್ಕೆ ಹೋದ. ಸುರಿನ್ ಚಿವುಟಿದ. ಕೊಪ್‌ನ ತೊಡೆ ಕಪ್ಪಾಯಿತು; ಸೈಫೊನ್ ಮಾತ್ರ ನಿಲ್ಲಲಿಲ್ಲ.

ಊರು ಇದನ್ನು ತನಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡಿತು. ಲಾಟರಿ ಮಾರುವ ನೀಂಗ್ ಅಕ್ಕನ ಹತ್ತಿರ ಮೂರರಲ್ಲಿ ಮುಗಿಯುವ ಟಿಕೇಟುಗಳೆಲ್ಲ ಮಧ್ಯಾಹ್ನದೊಳಗೆ ಖಾಲಿಯಾದವು. ಅವಳು ಕೊಪ್‌ನ ಮನೆಗೇ ಬಂದು, ನಾಳೆ ಸೈಫೊನ್ ಎಷ್ಟು ಹುಟ್ಟಿನಲ್ಲಿ ಬರ್ತಾಳೆ ಅಂತ ಒಂದು ಮಾತು ಮೊದಲೇ ಹೇಳಿಬಿಡಿ ಅಣ್ಣ ಎಂದು ಕಿವಿಯಲ್ಲಿ ಕೇಳಿದಳು. ಓಟದ ಸಮಿತಿಯ ಅಧ್ಯಕ್ಷ ವಿಚಿಯನ್ ಅವರದು ಬೇರೆ ಲೆಕ್ಕ. ಇದು ಆಚೆ ದಂಡೆಯವರ ಪಿತೂರಿ. ಹಳೆಯ ದೋಣಿಯ ಹೆಸರಿನಲ್ಲಿ ಬಹುಮಾನಕ್ಕೆ ಪಾಲು ಕೇಳುತ್ತಾರೆ. ಕೊಪ್ ಅವರ ಕಡೆ ಸೇರಿದ್ದಾನೆ ಎಂದು ಅವರು ಹತ್ತು ಜನರೆದುರು ಹೇಳಿದರು. ಆಚೆ ದಂಡೆಯವರು ಅಂಥ ಯೋಚನೆ ಮಾಡಿರಲಿಲ್ಲ. ಅಧ್ಯಕ್ಷರು ಹೇಳಿದ ಮೇಲೆ ಮಾಡಿದರು.

ಆ ಸಂಜೆ ಸುರಿನ್ ಕೊಪ್‌ನನ್ನು ಕರೆದು ಮುದ್ರಿಸಿದ್ದನ್ನು ಕೇಳಿಸಿದ. ಕೊಪ್‌ನ ಧ್ವನಿ ಇತ್ತು. ಕೆಳಗೆ ಹುಟ್ಟುಗಳ ಸದ್ದಿತ್ತು. ಈಗಿನ ಹುಡುಗರು ಹುಟ್ಟು ಹಾಕುವುದು ಬಿರುಸು. ಮಳೆ ತಗಡಿನ ಮೇಲೆ ಬಿದ್ದ ಹಾಗೆ ಎರಡು ಸದ್ದು. ಅವೆರಡರ ಅಡಿಯಲ್ಲಿ ಇನ್ನೊಂದು ಇತ್ತು. ನಿಧಾನ. ಒಂದು ಹುಟ್ಟು, ಒಂದು ಉಸಿರು. ಒಂದು ಹುಟ್ಟು, ಒಂದು ಉಸಿರು. ಹಳೆಯ ಕಾಲದವರು ಹಾಕುತ್ತಿದ್ದ ಹಾಗೆ. ಆ ಉಸಿರು ಕಿವಿಗೆ ತೀರ ಹತ್ತಿರವಿತ್ತು, ಮೈಕಿನ ಈಚೆ ಕಡೆ ಕೂತವರದಿದ್ದ ಹಾಗೆ.

ಸುರಿನ್ ಕಿವಿಯ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಅದಕ್ಕೆ ಕೈಮುಗಿದು, ದಕ್ಷಿಣದಲ್ಲಿ ತನ್ನ ಚಿಕ್ಕಮ್ಮನಿಗೆ ಹುಷಾರಿಲ್ಲವೆಂದು ಹೇಳಿ ಹೊರಟುಹೋದ. ಅವನಿಗೆ ಚಿಕ್ಕಮ್ಮ ಇರಲಿಲ್ಲ.

ಕೊಪ್ ಮನೆಗೆ ಬಂದು ಕೋಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತ. ಬುವಾ ಒಳಗಿನಿಂದಲೇ ಕೇಳಿದರು.

"ಯಾರಿಗಾದರೂ ಹರಕೆ ಗಿರಕೆ ಹೇಳ್ಕೊಂಡಿದ್ಯಾ?"

"ಇಲ್ಲವಲ್ಲ ಅತ್ತೆ."

"ಯೋಚನೆ ಮಾಡಿ ಹೇಳು."

ಯೋಚಿಸಿದ. ಮೊದಲು ಊದುಬತ್ತಿಯ ವಾಸನೆ ನೆನಪಾಯಿತು. ಆಮೇಲೆ ಚಪ್ಪರದ ತಗಡು. ಆಮೇಲೆ ಒಂದೊಂದೇ ಮಾತು. ಅವನು ಎದ್ದು ಬಂದು ಅದನ್ನು ಅತ್ತೆಗೆ ಪೂರ್ತಿ ಒಪ್ಪಿಸಿದ. ಬುವಾ ಎಲೆಯಡಿಕೆ ಅಗಿಯಲು ಶುರುಮಾಡಿದರು. ಗಂಡ ಬೇಕಾಬಿಟ್ಟಿ ಅಲೆಯುತ್ತಿಲ್ಲ, ಯಾರೋ ಕರೆದದ್ದಕ್ಕೆ ಬಂದಿದ್ದಾನೆ ಎಂದು ತಿಳಿದು ಅವರಿಗೆ ಅರ್ಧ ಸಮಾಧಾನವಾಗಿತ್ತು.

ಕೊಪ್ ಮರುದಿನವೇ ಹರಕೆ ತೀರಿಸಲು ಹೊರಟ, ತನಗೆ ಸುಲಭವಾದ ರೀತಿಯಲ್ಲಿ. ದೋಣಿಯಮ್ಮನಿಗೆ ಎಲ್ಲರೂ ಕೊಡುವಂಥದ್ದನ್ನೇ ಕೊಂಡ: ಗುಲಾಬಿ ಬಣ್ಣದ ರೇಷ್ಮೆಯ ಉಡುಪು, ಬಾಚಣಿಗೆ, ತುಟಿಗೆ ಬಣ್ಣ, ಮುತ್ತಿನ ಸರ. ಸೈಕಲ್ಲಿನ ಬುಟ್ಟಿಯಲ್ಲಿ ಅವು ರಂಪೈಯ ಕಣ್ಣಿಗೆ ಬಿದ್ದವು. ಟೀವಿಯ ಕನ್ನಿಕಾ ಬಂದು ಕೈಮುಗಿದು ಹೋದದ್ದು, ಇವನು ಕೋಟು ಹೊಲಿಸಿದ್ದು, ಈಗ ತುಟಿಯ ಬಣ್ಣ. ರಂಪೈ ಏನೂ ಕೂಗಾಡಲಿಲ್ಲ. ಆ ಉಡುಪನ್ನು ಎತ್ತಿ ಅಳತೆ ನೋಡಿ, "ಯಾರಿಗೆ?" ಎಂದಳು.

"ಮರದೊಳಗಿರೋಳಿಗೆ."

"ಎಷ್ಟು ದಿನದಿಂದ?"

"ಮದುವೆಗೆ ಮುಂಚಿಂದ."

ಗಾಬರಿಯಲ್ಲಿ ಬಾಯಿಗೆ ಬಂದ ನಿಜವನ್ನು ಹಾಗೇ ಹೇಳಿಬಿಡುವುದು ಎಷ್ಟು ಅಪಾಯ ಎಂದು ಕೊಪ್‌ಗೆ ಆಗ ತಿಳಿಯಿತು. ಅತ್ತೆ ನಡುವೆ ಬಂದು ಬಿಡಿಸಿ ಹೇಳುವವರೆಗೆ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಉಡುಪು, ಸರ, ಬಾಚಣಿಗೆ ಎಲ್ಲವನ್ನೂ ಸೈಫೊನ್‌ನ ಕೊಂಬಿಗೆ ಕಟ್ಟಿ ಬಂದ ಮಧ್ಯಾಹ್ನವೇ ರೇಡಿಯೊದಲ್ಲಿ ಸೈಫೊನ್ ಮತ್ತೆ ಓಡಿತು. ಈ ಸಲ ದೋಣಿಯ ಕೊಂಬಿನಲ್ಲಿ ಗುಲಾಬಿ ರೇಷ್ಮೆ ಹಾರುತ್ತಿದೆ ಎಂದೂ ಕೊಪ್‌ನ ಬಾಯಿ ವರ್ಣಿಸಿತು.

ಕೊಪ್ ಹೋಗಿ ಹೇಳಿಕೊಂಡದ್ದನ್ನು ವಿಹಾರದ ಹಿರಿಯ ಭಿಕ್ಷುಗಳು ಪೂರ್ತಿ ಕೇಳಿದರು.

"ಮೊಟ್ಟೆ ಹರಕೆ ಹೊತ್ತೋನು ಮೊಟ್ಟೆ ತಂದಿಡಬಹುದು," ಎಂದರು. "ಇಲ್ಲ ಅಂದ್ರೆ ಬೇರೆಯೋರ ಕೈಲಿ ಇಡಿಸಬಹುದು. ನೀನು ಬಾಯಿ ಕೊಡ್ತೀನಿ ಅಂದಿದೀಯ. ಅದಕ್ಕೆ ಬದಲು ಏನಿಡ್ತೀಯಪ್ಪ?"

ಕೊನೆಯ ಓಟಕ್ಕೆ, ಟೀವಿಗೆ, ಇನ್ನೊಂದೇ ದಿನ ಉಳಿದಿತ್ತು. ಭಿಕ್ಷುಗಳ ಅಪ್ಪಣೆ ಪಡೆದು ಕೊಪ್ ಚಪ್ಪರದ ಮುಂದೆ ಮೈಕು, ಧ್ವನಿವರ್ಧಕ ತರಿಸಿದ. ಹರಕೆಗೆ ಸಿನಿಮಾ ತೋರಿಸುವವರು ಕಣ್ಣಿಗೆ ಕಾಣದ ನೋಡುಗರಿಗಾಗಿ ಇಡುವ ಹಾಗೆ, ನೀಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಇಡಿಸಿದ. ಕುರ್ಚಿ ತಂದ ಬಾಡಿಗೆಯವನು ಅವನ್ನಿಟ್ಟು ತಿರುಗಿ ನೋಡದೆ ಹೋದ.

ನೆತ್ತಿಯ ಮೇಲೆ ಸೂರ್ಯನಿದ್ದ. ಕೊಪ್ ಕೋಟು ತೊಟ್ಟು ಖಾಲಿ ಕುರ್ಚಿಗಳ ಎದುರು ನಿಂತು ಗಂಟಲು ಸರಿಮಾಡಿಕೊಂಡ. ಗಾಳಿ ನಿಂತಿತು. ವಿಹಾರದ ನಾಯಿಗಳು ನೆರಳಿನಿಂದೆದ್ದು ಒಂದರ ಹಿಂದೊಂದು ಸಾಲುಹಿಡಿದು ಗೇಟಿನಿಂದಾಚೆ ನಡೆದುಹೋದವು. ಅವನು ಸೈಫೊನ್‌ನ ಓಟ ಹೇಳಿದ. ಮೊದಮೊದಲು ಕಲ್ಪಿಸಿಕೊಂಡು ಹೇಳಿದ. ಇಪ್ಪತ್ತು ಮೂವತ್ತು ಹುಟ್ಟಿನ ಮೇಲೆ ಕಲ್ಪಿಸಿಕೊಳ್ಳುವ ಕೆಲಸವೇ ಉಳಿಯಲಿಲ್ಲ. ಹುಟ್ಟು ಹಾಕುವವರ ಹೆಸರು ಒಂದೊಂದಾಗಿ ಬಂತು. ಅವರಲ್ಲಿ ಎಷ್ಟೋ ಜನ ಕೊಪ್ ಹುಟ್ಟುವ ಮೊದಲೇ ತೀರಿಕೊಂಡವರು. ಬಾವುಟ ಬಂದಾಗ ಮುಂದಿನ ಸಾಲಿನ ಕುರ್ಚಿಗಳು ಒಟ್ಟಿಗೆ ಕಿರುಗುಟ್ಟಿದವು. ಕೂತವರು ಎದ್ದಾಗ ಆಗುವ ಹಾಗೆ.

ಸಂಜೆ ಬಾಡಿಗೆಯವನು ಬಂದು ಕುರ್ಚಿ ಎತ್ತಿದ. ಮುಂದಿನ ಸಾಲಿನವುಗಳ ಕಾಲು ಒಣನೆಲದಲ್ಲಿ ಗೇಣುದ್ದ ಇಳಿದಿತ್ತು. ಕೂರುವ ಜಾಗ ಒದ್ದೆಯಾಗಿತ್ತು. ಒಂದರ ಮೇಲೆ ಹೊಳೆಯ ಪಾಚಿಯ ಎಳೆ ಅಂಟಿತ್ತು. ಅವನು ಹಿಂದಿನವನ್ನಷ್ಟೇ ಗಾಡಿಗೆ ಹಾಕಿಕೊಂಡು, "ಇವು ನಿಮ್ಮ ಹತ್ರಾನೇ ಇರಲಿ ಅಣ್ಣ," ಎಂದ.

ಇಷ್ಟಾದರೂ ಕೊಪ್ ಹಗುರಾಗಿ ಮನೆಗೆ ಬಂದ. ತೀರಿತು ಎಂದ. ಬುವಾ ಅವನ ಮುಖ ನೋಡಿದರು.

"ಇಡೀ ಊರು ಕೇಳೋ ಹಾಗೆ ಅಂದಿದ್ಯಲ್ಲ. ಯಾರು ಕೇಳಿದ್ರು?"

ಯಾರೂ ಕೇಳಿರಲಿಲ್ಲ. ಅಲ್ಲಿ ಯಾರಿಗೋ ಯಾರೋ ಏನನ್ನೋ ಸಲ್ಲಿಸುತ್ತಿರುವಾಗ ನಡುವೆ ಕಿವಿಗೊಡುವುದು ಮರ್ಯಾದೆಯಲ್ಲ ಎಂದು ಥಾ ಸಾಯ್ ಊರಿಗೆ ಊರೇ ಕಿಟಕಿ ಬಾಗಿಲು ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿ ಕೂತಿತ್ತು. ನೀಂಗ್ ಅಕ್ಕ ಮಾತ್ರ ನಂಬರಿನ ಆಸೆಗೆ ಕಿಟಕಿಯವರೆಗೆ ಬಂದು, ಹೆದರಿ ವಾಪಸು ಹೋಗಿದ್ದಳು.

ಮರುದಿನ ದಂಡೆಯ ಮೇಲೆ ನಿಲ್ಲಲು ಜಾಗವಿರಲಿಲ್ಲ. ಎತ್ತರದ ಅಟ್ಟಣೆಯಲ್ಲಿ ಕೊಪ್ ಕೂತಿದ್ದ. ಮುಖಕ್ಕೆ ಪೌಡರು, ಕಿವಿಯಲ್ಲಿ ಕನ್ನಿಕಾಳ ದನಿ, ಎದುರಿಗೆ ಪುಟ್ಟ ಟೀವಿ. ಅದರಾಚೆ ಹೊಳೆ. ಕೊನೆಯ ಓಟ ಸಿಂಗ್ ಥೊಂಗ್‌ಗೂ ಫಯಾ ಲೊಮ್ ಎಂಬ ಇನ್ನೊಂದು ದೋಣಿಗೂ. ಅಧ್ಯಕ್ಷ ವಿಚಿಯನ್ ಕೆಳಗೆ ನಿಂತು, ಇವತ್ತೊಂದು ದಿನ ಎರಡೇ ದೋಣಿ ಹೇಳಪ್ಪ ಎಂದು ಕೈಸನ್ನೆ ಮಾಡಿದರು. ಕೊಪ್ ಎರಡು ಬೆರಳು ತೋರಿಸಿ ತಲೆಯಾಡಿಸಿದ.

ಓಟ ಬಿಟ್ಟರು. ಟೀವಿಯಲ್ಲಿ ಎರಡು ದೋಣಿ ಹೊರಟವು.

ಹೊಳೆಯಲ್ಲಿ ಮೂರು ಹೊರಟವು.

ಇಷ್ಟು ದಿನ ಬಾಯಿಗೆ ಬರುತ್ತಿದ್ದದ್ದು ಈಗ ಕಣ್ಣಿಗೇ ಬಂದಿತ್ತು. ಆಚೆ ದಂಡೆಯ ನೆರಳಿನಲ್ಲಿ, ನೀರಿಗಿಂತ ತುಸುವೇ ಮೇಲೆ, ಮುರಿದ ಬೆನ್ನಿನ ಉದ್ದನೆಯ ದೋಣಿ. ಒಂದು ಹುಟ್ಟು, ಒಂದು ಉಸಿರು. ಕೊಂಬಿನಲ್ಲಿ ಗುಲಾಬಿ ರೇಷ್ಮೆ. ಕೊಪ್ ಹಲ್ಲು ಕಚ್ಚಿ ಎರಡೇ ಹೆಸರು ಹೇಳಿದ. ಸಿಂಗ್ ಥೊಂಗ್, ಫಯಾ ಲೊಮ್. ಫಯಾ ಲೊಮ್, ಸಿಂಗ್ ಥೊಂಗ್. ಆಶ್ಚರ್ಯವೆಂದರೆ ಬಾಯಿ ಅವನ ಮಾತು ಕೇಳಿತು. ಇವತ್ತು ಯಾರೂ ಅವನ ನಾಲಿಗೆ ಹಿಡಿದೆಳೆಯುತ್ತಿರಲಿಲ್ಲ. ಹೇಳುವುದೂ ಬಿಡುವುದೂ ಅವನಿಗೇ ಬಿಟ್ಟದ್ದಾಗಿತ್ತು. ಚೆನ್ನಾಗಿದೆ ಸರ್, ಹೀಗೇ ಹೋಗಲಿ ಎಂದಳು ಕನ್ನಿಕಾ ಕಿವಿಯಲ್ಲಿ.

ಮೂರನೆಯ ದೋಣಿ ನಿಧಾನವಾಯಿತು. ಯಾರಾದರೂ ಕರೆಯುತ್ತಾರೇನೋ ಎಂದು ನಿಂತು ನೋಡುವವರ ಹಾಗೆ ಅದರೊಳಗಿನ ಮುಖಗಳೆಲ್ಲ ಅಟ್ಟಣೆಯ ಕಡೆ ತಿರುಗಿದವು.

ಕೊಪ್ ಕಣ್ಣು ತಪ್ಪಿಸಿ ದಂಡೆಯನ್ನು ನೋಡಿದ. ಎಲ್ಲರೂ ಎರಡು ದೋಣಿಗಳತ್ತ ಕತ್ತು ಚಾಚಿದ್ದರು. ಬುವಾ ಒಬ್ಬರೇ ಆಚೆ ದಂಡೆಯ ನೆರಳಿನತ್ತ, ಉಳಿದವರಿಗೆ ಏನೂ ಕಾಣದ ನೀರಿನತ್ತ ಮುಖಮಾಡಿ ನಿಂತಿದ್ದರು. ಅವರು ಬಾಯೊಳಗಿನ ಎಲೆಯಡಿಕೆ ಉಗಿದು, ತುಟಿ ಒರೆಸಿಕೊಂಡು, ಹಾರುತ್ತಿದ್ದ ಬಿಳಿ ಕೂದಲನ್ನು ಕಿವಿಯ ಹಿಂದೆ ಸೇರಿಸಿಕೊಂಡರು.

"ಮೂರನೇ ಸಾಲಿನಲ್ಲಿ," ಎಂದ ಕೊಪ್, "ಸೈಫೊನ್."

"ಸರ್," ಎಂದಳು ಕನ್ನಿಕಾ. "ಕಾಣೋದನ್ನ ಮಾತ್ರ."

"ಕಾಣೋದನ್ನೇ ಹೇಳ್ತಿದೀನಿ ಮಗಳೇ," ಎಂದ. ಅದೂ ದೇಶಕ್ಕೆಲ್ಲ ಕೇಳಿಸಿತು.

ಆಮೇಲೆ ಅವನು ಯಾರ ಮಾತಿಗೂ ನಿಲ್ಲಲಿಲ್ಲ. ಓಟವನ್ನು ಮೊದಲಿನಿಂದ ಹಿಡಿದ: ದೋಣಿ ಬಿಟ್ಟದ್ದು, ಆಚೆ ದಂಡೆ ಹಿಡಿದದ್ದು, ಕಾದದ್ದು, ಈಗ ಎದ್ದದ್ದು. ಒಂದು ಅಂಗೈ, ಎರಡು ಅಂಗೈ, ಒಂದು ಮಾರು. ರೇಡಿಯೊದಲ್ಲಿ ಹೇಳುತ್ತಿದ್ದ ಯಾವ ಸುಳ್ಳನ್ನೂ ಸೇರಿಸಲಿಲ್ಲ. ಸೇರಿಸುವ ಅಗತ್ಯ ಬೀಳಲಿಲ್ಲ. ದಂಡೆಯ ಧ್ವನಿವರ್ಧಕಗಳಲ್ಲಿ, ಅಂಗಡಿಗಳ ಟೀವಿಗಳಲ್ಲಿ, ಮನೆಮನೆಯಲ್ಲಿ ಊರಿಗೆ ಊರೇ ಕೇಳುತ್ತಿತ್ತು. ಈ ಸಲ ಕಿವಿಗೆ ಹತ್ತಿ ಇಟ್ಟುಕೊಳ್ಳಲು ಯಾರಿಗೂ ಹೊಳೆಯಲಿಲ್ಲ. ಕೂಗುತ್ತಿದ್ದ ಜನ ಒಬ್ಬೊಬ್ಬರಾಗಿ ಸುಮ್ಮನಾದರು. ಟೀವಿಯ ಎರಡು ದೋಣಿಗಳು ಯಾವುದೋ ದೊಡ್ಡ ಅಲೆ ತಾಗಿದ ಹಾಗೆ ಪಕ್ಕಕ್ಕೆ ವಾಲಿದವು. ಅಲೆ ಎಲ್ಲಿಂದ ಬಂತೆಂದು ಚಿತ್ರದಲ್ಲಿ ಕಾಣಲಿಲ್ಲ.

"ಚುಮ್ ಕೊಂಬು ಹತ್ತಿದ. ಮಂಡಿ ಕುಸಿಯಲಿಲ್ಲ. ಎದೆ ಚಾಚಿದ. ಕೈ ನೀಡಿದ. ಕಿತ್ತ."

ಸಿಂಗ್ ಥೊಂಗ್‌ನವನೂ ಫಯಾ ಲೊಮ್‌ನವನೂ ಒಟ್ಟಿಗೇ ಕೈ ಚಾಚಿದರು. ಇಬ್ಬರ ಮುಷ್ಟಿಯಲ್ಲೂ ಗಾಳಿ ಇತ್ತು. ಕೋಲು ನಿಂತಿತ್ತು, ಬಾವುಟ ಇರಲಿಲ್ಲ.

ಕಿವಿಯಲ್ಲಿ ಕನ್ನಿಕಾ ಮೆಲ್ಲಗೆ, ಅಳು ಬಂದವರ ಹಾಗೆ, ಮೈಕು ತೆಗೆದಿಡಿ ಸರ್ ಎಂದಳು. ಕೊಪ್ ತೆಗೆದಿಟ್ಟ.

ಸಮಿತಿಯವರು ಬಲೆ ಬೀಸಿ, ಮುಳುಗುಗಾರರನ್ನಿಳಿಸಿ ಹೊಳೆಯನ್ನೆಲ್ಲ ಜಾಲಾಡಿದರು. ಬಾವುಟ ಸಿಗಲಿಲ್ಲ. ವಿಹಾರದ ಹಿಂದಿನ ಚಪ್ಪರದಲ್ಲೊಮ್ಮೆ ನೋಡಿ ಎಂದು ಯಾರೋ ಅಂದರು. ಅಧ್ಯಕ್ಷ ವಿಚಿಯನ್, ನಿನಗೆ ಅಷ್ಟು ಧೈರ್ಯವಿದ್ದರೆ ನೀನೇ ಹೋಗು ಎಂದರು, ಅವನೂ ಹೋಗಲಿಲ್ಲ. ನಿಯಮದ ಪ್ರಕಾರ ಬಾವುಟ ಯಾರ ಕೈಯಲ್ಲೂ ಇಲ್ಲದ ಕಾರಣ ಆ ವರ್ಷದ ಬಹುಮಾನದ ಬಟ್ಟಲು ಸಮಿತಿಯ ಕಪಾಟಿನಲ್ಲೇ ಉಳಿಯಿತು. ಲಾಟರಿಯಲ್ಲಿ ಮೂರು ಬರಲಿಲ್ಲ. ನೀಂಗ್ ಅಕ್ಕ ಕೊಪ್‌ನ ಜೊತೆ ಮಾತು ಬಿಟ್ಟಳು.

ಟೀವಿಯವರು ಮುಂದಿನ ಓಟಕ್ಕೆ ಬೇರೆಯವನನ್ನು ಕರೆಸಿಕೊಂಡರು. ಅವನು ಕಾಣುವುದನ್ನು ಮಾತ್ರ ಹೇಳುತ್ತಾನೆ. ಜನ ಸದ್ದು ಕಡಿಮೆ ಮಾಡಿಕೊಂಡು ನೋಡುತ್ತಾರೆ. ಕೊಪ್‌ನನ್ನು ಈಗ ಮುರಿದ ದೋಣಿಗಳಿರುವ ಊರಿನವರು ಕರೆಸುತ್ತಾರೆ. ಮೊದಲು ಎಲ್ಲರ ಕಿವಿಯೂ ತೆರೆದಿರಬೇಕು ಎಂದು ಅವನು ಷರತ್ತು ಹಾಕುತ್ತಾನೆ. ರೇಡಿಯೊದಲ್ಲಿದ್ದಷ್ಟು ಹೆಸರಿಲ್ಲ, ಕೆಲಸಕ್ಕೇನೂ ಕೊರತೆಯಿಲ್ಲ.

ಸೈಫೊನ್‌ಗೆ ಕೊಟ್ಟ ಮಾತನ್ನು ಚಮ್ನಾನ್ ಉಳಿಸಿಕೊಂಡ.